ಇಂಗ್ಲಿಷಿನ ‘ಹರ್ರಿ’ ನಮ್ಮ ‘ಹರಿ’ಯಿಂದ ಹುಟ್ಟಿದ್ದೇ?

ಪ್ರಶ್ನೆ (ತಿಪಟೂರು ಕಡೆಯ ಶಿಕ್ಷಕಿ)

ಬಳಗದ ಎಲ್ಲರಿಗೂ ನಮಸ್ಕಾರ. ನಾನು ಕನ್ನಡ ಮಾಧ್ಯಮದ ಪ್ರೌಢಶಾಲೆಯೊಂದರಲ್ಲಿ ಒಂಬತ್ತನೆಯ ತರಗತಿಗೆ ಇಂಗ್ಲಿಷ್ ಕಲಿಸುತ್ತೇನೆ. ಹೋದ ವಾರ ಹಲಗೆಯ ಮೇಲೆ ‘ಹರ್ರಿ’ ಎಂಬ ಪದವನ್ನು ಬರೆದು, ಅದರ ಎದುರಿಗೆ ‘ಅವಸರ, ಆತುರ’ ಎಂದು ಅರ್ಥ ಬರೆಯುತ್ತಿದ್ದಾಗ, ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಮಿಸ್, ಅದು ನಮ್ಮದೇ ಪದವಂತೆ. ನೀರು ಹರಿಯುತ್ತೆ ಅಂತೀವಲ್ಲ, ಆ ಹರಿಯನ್ನೇ ಇಂಗ್ಲಿಷಿನವರು ಎತ್ತಿಕೊಂಡು ಹೋಗಿ ಹರ್ರಿ ಅಂತ ಮಾಡಿಕೊಂಡರಂತೆ” ಎಂದ. ಎಲ್ಲಿ ಓದಿದೆ ಎಂದು ಕೇಳಿದರೆ, ಚಿಕ್ಕಪ್ಪನ ಫೋನಿಗೆ ಬಂದ ಸಂದೇಶದಲ್ಲಿತ್ತು ಎಂಬ ಉತ್ತರ ಬಂತು.

ಅದನ್ನು ನಕ್ಕು ತಳ್ಳಿಹಾಕಲು ನನಗೆ ಮನಸ್ಸು ಬರಲಿಲ್ಲ. ನಮ್ಮ ಅಜ್ಜಿ ‘ಹರಿ’ ಎಂಬ ಮಾತನ್ನು ನೀರಿಗೆ ಮಾತ್ರ ಬಳಸುತ್ತಿರಲಿಲ್ಲ. ಬೇಲಿಯ ಸಂದಿಯಲ್ಲಿ ಹಾವು ಕಂಡರೆ “ಅಗೋ ಹರಿದು ಹೋಯಿತು” ಎನ್ನುತ್ತಿದ್ದರು. ಉತ್ತರ ಕರ್ನಾಟಕದಿಂದ ವರ್ಗವಾಗಿ ಬಂದಿರುವ ನಮ್ಮ ಸಹೋದ್ಯೋಗಿಯೊಬ್ಬರು ಬೆಳಗಾಗುವುದಕ್ಕೇ ‘ಹೊತ್ತು ಹರಿಯಿತು’ ಎನ್ನುತ್ತಾರೆ. ಹೀಗೆ ಚಲನೆಯ ಅರ್ಥ ಆ ಪದದಲ್ಲಿ ಇರುವುದಂತೂ ನಿಜ. ಹಾಗಾದರೆ ಈ ಎರಡು ಪದಗಳಿಗೆ ನಂಟಿದೆಯೇ, ಇಲ್ಲವೇ, ಇಲ್ಲವೆಂದರೆ ಹುಡುಗನಿಗೆ ಒಪ್ಪಿಗೆಯಾಗುವಂತೆ ಅದನ್ನು ತೋರಿಸುವುದು ಹೇಗೆ?

ಇದರ ಜೊತೆಗೆ ಇನ್ನೊಂದು ತೊಡಕೂ ಇದೆ. ‘ಮೋರ್ ಹೇಸ್ಟ್, ಲೆಸ್ ಸ್ಪೀಡ್’ ಎಂಬ ಇಂಗ್ಲಿಷ್ ಗಾದೆಯನ್ನು ಮಕ್ಕಳು ತಮ್ಮ ಕೈಪಿಡಿ ನಿಘಂಟು ನೋಡಿ ‘ಹೆಚ್ಚು ವೇಗ, ಕಡಿಮೆ ವೇಗ’ ಎಂದು ಕನ್ನಡಿಸಿ, ಇಡೀ ತರಗತಿ ನಗುವಂತಾಯಿತು. ಹರ್ರಿ, ಹೇಸ್ಟ್, ಸ್ಪೀಡ್ ಎಂಬ ಮೂರಕ್ಕೂ ನಾವು ‘ಬೇಗ’ ಎಂದೇ ಅರ್ಥ ಹೇಳಿಕೊಟ್ಟಿದ್ದೇವೆ. ತಿಳಿದವರು ದಯವಿಟ್ಟು ಬಿಡಿಸಿ ಹೇಳಬೇಕು.

ಉತ್ತರ 1 (ಹಳಗನ್ನಡದ ನಿವೃತ್ತ ಅಧ್ಯಾಪಕ, ಧಾರವಾಡ)

ಮೇಡಂ, ನಿಮ್ಮ ವಿದ್ಯಾರ್ಥಿಯನ್ನು ಗದರಿಸದೆ ಪ್ರಶ್ನೆಯನ್ನು ಇಲ್ಲಿಗೆ ತಂದದ್ದು ಸಂತೋಷ. ಅವನು ಹೇಳಿದ್ದು ತಪ್ಪು. ಆದರೆ ಅದು ಏಕೆ ತಪ್ಪು ಎಂಬುದನ್ನು ತೋರಿಸುವುದಕ್ಕೆ ಕನ್ನಡದ ಒಂದು ಸಾವಿರ ವರ್ಷದ ಇತಿಹಾಸವನ್ನೇ ತೆಗೆಯಬೇಕಾಗುತ್ತದೆ, ಮತ್ತು ಆ ಇತಿಹಾಸ ಆ ಸಂದೇಶಕ್ಕಿಂತ ಸ್ವಾರಸ್ಯವಾಗಿದೆ.

ಎರಡು ಪದಗಳು ಇಂದು ಒಂದೇ ರೀತಿ ಕೇಳಿಸುತ್ತವೆ ಎಂಬುದು ನಂಟಿಗೆ ಸಾಕ್ಷಿಯಲ್ಲ. ಹಿಂದೆಯೂ ಹಾಗೆಯೇ ಕೇಳಿಸುತ್ತಿದ್ದವೇ ಎಂದು ನೋಡಬೇಕು. ನಮ್ಮ ‘ಹರಿ’ ಹಳಗನ್ನಡದಲ್ಲಿ ‘ಪರಿ’ ಆಗಿತ್ತು. ಪಂಪನ ಕಾಲದಲ್ಲಿ, ಅಂದರೆ 10ನೆಯ ಶತಮಾನದಲ್ಲಿ, ಓಡುವುದಕ್ಕೂ ಹರಿಯುವುದಕ್ಕೂ ಬಳಕೆಯಲ್ಲಿದ್ದ ರೂಪ ಪಕಾರದ್ದು. ಅಲ್ಲಿಂದ ಮುಂದಿನ ಮೂರು ನಾಲ್ಕು ಶತಮಾನಗಳಲ್ಲಿ ಪದದ ಮೊದಲಲ್ಲಿದ್ದ ಪಕಾರ ಕನ್ನಡದಲ್ಲಿ ಸಾಲುಸಾಲಾಗಿ ಹಕಾರವಾಯಿತು. ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು, ಪತ್ತು ಹತ್ತಾಯಿತು, ಪೆಸರ್ ಹೆಸರಾಯಿತು, ಪೊಗೆ ಹೊಗೆಯಾಯಿತು. ಅಕ್ಕಪಕ್ಕದ ಭಾಷೆಗಳು ಈ ಹಾದಿ ಹಿಡಿಯಲಿಲ್ಲ. ತಮಿಳರು ಇಂದಿಗೂ ‘ಪಾಲ್’ ಎನ್ನುತ್ತಾರೆ, ತುಳುವರಿಗೆ ಹುಲಿ ಇಂದಿಗೂ ‘ಪಿಲಿ’. ಓಟಕ್ಕೆ ತೆಲುಗಿನಲ್ಲಿ ‘ಪರುಗು’ ಎಂಬ ಮಾತಿದೆ. ತಮಿಳಿನ ‘ಪರಿ’ಗೆ ಓಟ ಎಂಬ ಅರ್ಥವೂ ಕುದುರೆ ಎಂಬ ಅರ್ಥವೂ ಇದೆ. ನಮ್ಮ ‘ಹರಿ’ಯ ನಿಜವಾದ ಒಡಹುಟ್ಟಿದವರು ಇವರು. ಅವರ ಮನೆಯಲ್ಲಿ ಹಕಾರದ ಸುಳಿವೇ ಇಲ್ಲ.

ಇನ್ನು ಇಂಗ್ಲಿಷಿನ ಕಡೆ. ಇಂಗ್ಲಿಷು, ಜರ್ಮನ್, ಡಚ್ ಮೊದಲಾದ ಭಾಷೆಗಳ ಹಳೆಯ ಸ್ವಂತ ಪದಗಳಲ್ಲಿ ಮೊದಲಿಗೆ ಬರುವ ಹಕಾರವು ಸಾಮಾನ್ಯವಾಗಿ ಕಕಾರದಿಂದ ಇಳಿದು ಬಂದದ್ದು. ಲ್ಯಾಟಿನ್ ಭಾಷೆಯಲ್ಲಿ ನಾಯಿಗೆ ‘ಕಾನಿಸ್’, ಇಂಗ್ಲಿಷಿನಲ್ಲಿ ‘ಹೌಂಡ್’. ಅಲ್ಲಿ ನೂರಕ್ಕೆ ‘ಕೆಂಟುಮ್’, ಇಲ್ಲಿ ‘ಹಂಡ್ರೆಡ್’. ಅಲ್ಲಿ ಕೊಂಬಿಗೆ ‘ಕೋರ್ನು’, ಇಲ್ಲಿ ‘ಹಾರ್ನ್’. ಮಕ್ಕಳ ಕಥೆಗಳನ್ನು ಸಂಗ್ರಹಿಸಿದ ಇಬ್ಬರು ಸೋದರರಲ್ಲಿ ಹಿರಿಯರಾದ ಯಾಕೋಬ್ ಗ್ರಿಮ್ 1822ರಲ್ಲಿ ಈ ಪಲ್ಲಟವನ್ನು ಕ್ರಮವಾಗಿ ನಿರೂಪಿಸಿದರು. ಅದಕ್ಕೂ ಮೊದಲೇ 1818ರಲ್ಲಿ ಡೆನ್ಮಾರ್ಕಿನ ರಾಸ್ಮುಸ್ ರಾಸ್ಕ್ ಇದನ್ನು ಗುರುತಿಸಿದ್ದರು. ಹೀಗಾಗಿ ನಮ್ಮ ಹಕಾರದ ಅಜ್ಜ ಪಕಾರ, ಅವರ ಹಕಾರದ ಅಜ್ಜ ಕಕಾರ. ಮೊಮ್ಮಕ್ಕಳ ಮುಖ ಒಂದೇ ತೆರನಾಗಿದೆ ಎಂದು ಮನೆತನ ಒಂದೇ ಎನ್ನಲಾಗದು.

‘ಹರ್ರಿ’ ಎಂಬ ಪದದ ಹುಟ್ಟಿನ ಬಗ್ಗೆ ಇಂಗ್ಲಿಷ್ ವಿದ್ವಾಂಸರಲ್ಲಿ ಎರಡು ಅಭಿಪ್ರಾಯಗಳಿವೆ. ಅದು ಬರವಣಿಗೆಯಲ್ಲಿ ಕಾಣಿಸಿಕೊಳ್ಳುವುದೇ ತಡವಾಗಿ, 1590ರ ದಶಕದಲ್ಲಿ, ಶೇಕ್ಸ್‌ಪಿಯರನ ನಾಟಕಗಳಲ್ಲಿ. ಒಂದು ಅಭಿಪ್ರಾಯದಂತೆ ಅದು ‘ಹ್ಯಾರಿ’ ಎಂಬ ಹಳೆಯ ಕ್ರಿಯಾಪದದ ರೂಪಾಂತರ. ಹ್ಯಾರಿ ಎಂದರೆ ದಂಡೆತ್ತಿ ಬಂದು ಸೂರೆ ಮಾಡುವುದು, ಬೆನ್ನಟ್ಟಿ ಕಾಡುವುದು. ಅದರ ಮೂಲ ‘ಹೆರೆ’, ಅಂದರೆ ದಂಡು. 793ರಲ್ಲಿ ಸಮುದ್ರದ ಮೇಲೆ ಬಂದ ವೈಕಿಂಗರು ಇಂಗ್ಲೆಂಡಿನ ಲಿಂಡಿಸ್‌ಫಾರ್ನ್ ದ್ವೀಪದ ಮಠವನ್ನು ಲೂಟಿ ಮಾಡಿದ್ದನ್ನು ಅಲ್ಲಿನ ಹಳೆಯ ವೃತ್ತಾಂತವು ದಾಖಲಿಸುವಾಗ ಬಳಸಿರುವುದು ಇದೇ ಬೇರಿನ ಪದವನ್ನು. ಬಂದರಿಗೆ ಹೇಳುವ ‘ಹಾರ್ಬರ್’ ಕೂಡ ಮೊದಲಿಗೆ ‘ದಂಡು ತಂಗುವ ತಾಣ’ವೇ. ಈ ಬೇರನ್ನು ಇನ್ನೂ ಹಿಂದಕ್ಕೆ ಹಿಡಿದು ಹೋದರೆ ಪ್ರಾಚೀನ ಪರ್ಷಿಯನ್ನಿನಲ್ಲಿ ಸೈನ್ಯ ಎಂಬ ಅರ್ಥದ ‘ಕಾರ’, ಲಿಥುವೇನಿಯನ್ನಿನಲ್ಲಿ ಯುದ್ಧ ಎಂಬ ಅರ್ಥದ ‘ಕಾರಸ್’ ಸಿಗುತ್ತವೆ. ಇಲ್ಲಿಯೂ ಹಕಾರದ ಹಿಂದೆ ಕಕಾರವೇ ನಿಂತಿದೆ.

ಎರಡನೆಯ ಅಭಿಪ್ರಾಯ ನನಗೆ ಹೆಚ್ಚು ಹಿಡಿಸುತ್ತದೆ. ನಡುಗಾಲದ ಇಂಗ್ಲಿಷಿನಲ್ಲಿ ‘ಹುರ್ರೆನ್’ ಎಂಬ ಕ್ರಿಯಾಪದವಿತ್ತು. ಜೀರುಂಡೆಯಂತೆ ಗುಂಯ್‌ಗುಡುವುದು, ಅದುರುವುದು ಎಂದು ಅದರ ಅರ್ಥ. ಅದೇ ಕಾಲದ ಜರ್ಮನ್ನಿನ ‘ಹುರ್ರೆನ್’ ಎಂದರೆ ಸದ್ದು ಮಾಡುತ್ತಾ ರಭಸದಿಂದ ಹೋಗುವುದು. ಅಂದರೆ ಇದು ಸದ್ದನ್ನೇ ಅಣಕಿಸಿ ಹುಟ್ಟಿದ ಪದವಾಗಿರಬಹುದು. ಹಾಗಿದ್ದರೆ ಕನ್ನಡದಲ್ಲಿ ಅದಕ್ಕೆ ಜೊತೆಯಾಗಿ ನಿಲ್ಲಿಸಬೇಕಾದದ್ದು ‘ಹರಿ’ಯನ್ನಲ್ಲ, ‘ಭರ್ರನೆ ಹೋದ’, ‘ಸರ್ರನೆ ಜಾರಿದ’, ‘ಹಕ್ಕಿ ಪುರ್ರನೆ ಹಾರಿತು’ ಎನ್ನುವಾಗಿನ ಆ ಅನುಕರಣ ಶಬ್ದಗಳನ್ನು. ಇವು ಅದಕ್ಕೆ ರಕ್ತಸಂಬಂಧಿಗಳಲ್ಲ, ಒಂದೇ ಕಸುಬಿನವು.

ಶೇಕ್ಸ್‌ಪಿಯರನ ತರುವಾಯದ ಕೆಲವು ದಶಕಗಳಲ್ಲಿ ನಾಮಪದವಾಗಿ ‘ಹರ್ರಿ’ ಎಂದರೆ ಗದ್ದಲ, ಕೋಲಾಹಲ. ‘ಕೆಲಸದ ತರಾತುರಿ’ ಎಂಬ ಇಂದಿನ ಅರ್ಥ ಅದರಲ್ಲಿ ನೆಲೆಗೊಂಡದ್ದು 17ನೆಯ ಶತಮಾನ ಮುಗಿಯುತ್ತಾ ಬಂದಾಗ. ನಮ್ಮ ‘ಗಡಿಬಿಡಿ’ಯನ್ನು ನೆನೆಸಿಕೊಳ್ಳಿ. ಗೊಂದಲವೂ ಅದೇ, ಅವಸರವೂ ಅದೇ. ಮದುವೆ ಮನೆಯಲ್ಲಿ ಯಾರಾದರೂ ‘ಗಡಿಬಿಡಿಯಲ್ಲಿದ್ದೇನೆ’ ಎಂದರೆ ಎರಡರಲ್ಲಿ ಯಾವುದು ಎಂದು ಹೇಳುವುದು ಕಷ್ಟ.

ಉತ್ತರ 2 (ಕರಡು ತಿದ್ದುವವನು, ಬೆಂಗಳೂರು)

ಅಧ್ಯಾಪಕರ ವಿವರಣೆಯನ್ನು ಗೌರವದಿಂದ ಓದಿದೆ. ಆದರೆ ಅದರಲ್ಲಿ ಒಂದು ಬಿರುಕು ಉಳಿದಿದೆ ಎನಿಸುತ್ತದೆ. ಪಕಾರ ಹಕಾರವಾದ ಕಥೆಯಿಂದ ಸಿದ್ಧವಾಗುವುದು ಇಷ್ಟೇ: ಕನ್ನಡವೂ ಇಂಗ್ಲಿಷೂ ಒಂದು ಪುರಾತನ ಮೂಲದಿಂದ ಈ ಪದವನ್ನು ಪಡೆದಿಲ್ಲ. ಹುಡುಗನ ಸಂದೇಶ ಹೇಳುವುದು ಅದನ್ನಲ್ಲ. ಇಂಗ್ಲಿಷಿನವರು ನಮ್ಮಿಂದ ‘ಎತ್ತಿಕೊಂಡು ಹೋದರು’ ಎಂದು. 1590ರ ಹೊತ್ತಿಗೆ ಕನ್ನಡಿಗರ ಬಾಯಲ್ಲಿ ಅದು ‘ಹರಿ’ಯೇ ಆಗಿತ್ತಲ್ಲ? ಎರವಲು ಪಡೆಯುವವನು ಪದದ ಅಜ್ಜನನ್ನು ವಿಚಾರಿಸುವುದಿಲ್ಲ, ಕಿವಿಗೆ ಬಿದ್ದದ್ದನ್ನು ಒಯ್ಯುತ್ತಾನೆ. ಅಡಿಕೆಯನ್ನು ‘ಅರೆಕಾ’ ಎಂದು ಒಯ್ದವರು ‘ಹರಿ’ಯನ್ನು ಏಕೆ ಒಯ್ಯಬಾರದು?

ಸಂದೇಶದ ಪರವಾಗಿ ವಾದಿಸುವುದು ನನ್ನ ಉದ್ದೇಶವಲ್ಲ. ಇಂಥ ಪಟ್ಟಿಗಳನ್ನು ಪುಸ್ತಕದ ಕರಡುಗಳಲ್ಲಿಯೂ ಕಂಡು ಕೆಂಪು ಶಾಯಿ ಖರ್ಚು ಮಾಡಿದವನು ನಾನು. ಆದರೆ ತರಗತಿಯಲ್ಲಿ ಆ ಹುಡುಗ ಇದೇ ಪ್ರಶ್ನೆಯನ್ನು ಹಾಕಿದರೆ ಮೇಡಂ ಅವರ ಕೈಯಲ್ಲಿ ಉತ್ತರವಿರಬೇಕು.

ಉತ್ತರ 3 (ಹಳಗನ್ನಡದ ನಿವೃತ್ತ ಅಧ್ಯಾಪಕ, ಧಾರವಾಡ)

ಆಕ್ಷೇಪ ನ್ಯಾಯವಾದದ್ದು, ನಾನು ಒಂದೇ ಬಾಗಿಲಿಗೆ ಅಗುಳಿ ಹಾಕಿ ಇನ್ನೊಂದನ್ನು ತೆರೆದಿಟ್ಟಿದ್ದೆ. ಎರವಲಿನ ಮಾತಿಗೆ ನೋಡಬೇಕಾದದ್ದು ಕಾಲ ಮತ್ತು ದಾರಿ.

ಈಸ್ಟ್ ಇಂಡಿಯಾ ಕಂಪನಿಗೆ ರಾಣಿ ಎಲಿಜಬೆತ್ ಸನ್ನದು ಕೊಟ್ಟದ್ದು 1600ರ ಡಿಸೆಂಬರ್ 31ರಂದು. ಅದಕ್ಕೆ ಹಲವು ವರ್ಷ ಮೊದಲೇ ಲಂಡನ್ನಿನ ರಂಗಭೂಮಿಯಲ್ಲಿ ‘ಹರ್ರಿ’ ಸರಾಗವಾಗಿ ಬಳಕೆಯಾಗುತ್ತಿತ್ತು, ನೋಡುಗರಿಗೆ ಅದನ್ನು ವಿವರಿಸಬೇಕಾದ ಅಗತ್ಯವೇ ಇರಲಿಲ್ಲ. ಇನ್ನು ಅಡಿಕೆಯ ವಿಚಾರ. ‘ಅರೆಕಾ’ ಇಂಗ್ಲಿಷಿಗೆ ನೇರವಾಗಿ ಹೋಗಲಿಲ್ಲ. ನಮ್ಮ ಪಶ್ಚಿಮ ಕರಾವಳಿಯಲ್ಲಿ ವ್ಯಾಪಾರ ಮಾಡುತ್ತಿದ್ದ ಪೋರ್ಚುಗೀಸರು ಮಲಯಾಳದ ‘ಅಡಕ್ಕ’ವನ್ನೋ ನಮ್ಮ ‘ಅಡಿಕೆ’ಯನ್ನೋ ಕೇಳಿ ತಮ್ಮ ನಾಲಗೆಗೆ ಒಗ್ಗಿಸಿಕೊಂಡು ಯುರೋಪಿಗೆ ಒಯ್ದರು. ಮಾವು, ತೇಗ, ತೆಂಗಿನ ನಾರು ಇವುಗಳ ಹೆಸರುಗಳೂ ದಕ್ಷಿಣದ ಭಾಷೆಗಳಿಂದ ಹೋದದ್ದು ಸರಕಿನ ಜೊತೆಯಲ್ಲಿಯೇ. ಅವೆಲ್ಲ ವಸ್ತುಗಳ ಹೆಸರುಗಳು, ಅಲ್ಲಿ ಇಲ್ಲದ ವಸ್ತುಗಳ ಹೆಸರುಗಳು. ಅವಸರ ಎಂಬ ಸರಕು ಅವರ ಊರಿನಲ್ಲಿ ಬೇಕಾದಷ್ಟು ಇತ್ತು, ಹಡಗಿನಲ್ಲಿ ತರಿಸಿಕೊಳ್ಳಬೇಕಾಗಿರಲಿಲ್ಲ.

ಇದಲ್ಲದೆ, ‘ಹುರ್ರೆನ್’ ಎಂಬ ನೆಂಟನು ಇಂಗ್ಲೆಂಡಿನಲ್ಲಿಯೂ ಜರ್ಮನಿಯಲ್ಲಿಯೂ ನಡುಗಾಲದಿಂದ ಮನೆಮಾಡಿಕೊಂಡಿದ್ದಾನೆ. ಪಕ್ಕದ ಮನೆಯಲ್ಲಿ ನೆಂಟರು ಸಿಗುವಾಗ ಏಳು ಸಮುದ್ರದಾಚೆ ಹುಡುಕುವುದಕ್ಕೆ ವಿಶೇಷ ಕಾರಣ ಬೇಕು.

ಉತ್ತರ 4 (ಅನುವಾದಕಿ, ಪುಣೆ)

‘ಹೆಚ್ಚು ವೇಗ, ಕಡಿಮೆ ವೇಗ’ ಎಂದು ಬರೆದ ಮಕ್ಕಳ ಮೇಲೆ ನನಗೆ ಪ್ರೀತಿ ಬಂತು, ಏಕೆಂದರೆ ವೃತ್ತಿಯ ಮೊದಲ ವರ್ಷದಲ್ಲಿ ನಾನೂ ಆ ಗಾದೆಯನ್ನು ಹೆಚ್ಚುಕಡಿಮೆ ಹಾಗೆಯೇ ಕನ್ನಡಕ್ಕೆ ತಂದಿದ್ದೆ. ಪುಸ್ತಕ ಅಚ್ಚಾಗಿ ಕೈಗೆ ಬಂದ ಮೇಲೆ, ಆ ಪುಟವನ್ನು ಯಾರೂ ಓದದಿರಲಿ ಎಂದು ಬೇಡಿಕೊಂಡದ್ದು ನೆನಪಿದೆ.

ತೊಡಕು ಬಿಡಿಸಿಕೊಳ್ಳುವ ಕೀಲಿ ‘ಸ್ಪೀಡ್’ ಪದದಲ್ಲಿದೆ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಮೊದಲ ಅರ್ಥ ವೇಗವಲ್ಲ. ಏಳಿಗೆ, ಸಿರಿ, ಕೈಗೂಡುವಿಕೆ. ಪ್ರಯಾಣ ಹೊರಟವರಿಗೆ ‘ಗಾಡ್‌ಸ್ಪೀಡ್’ ಎಂದು ಹೇಳುತ್ತಿದ್ದರು. ದೇವರು ನಿನಗೆ ವೇಗ ಕೊಡಲಿ ಎಂದಲ್ಲ, ದೇವರು ಒಳ್ಳೆಯದು ಮಾಡಲಿ, ಹೋದ ಕೆಲಸ ಆಗಲಿ ಎಂದು. 1611ರ ಇಂಗ್ಲಿಷ್ ಬೈಬಲಿನಲ್ಲಿಯೂ ಈ ಹರಕೆಯ ಮಾತು ಅದೇ ಅರ್ಥದಲ್ಲಿ ಬಂದಿದೆ. ಕೆಲಸ ಚೆನ್ನಾಗಿ ಸಾಗುವುದು ಎಂಬುದರಿಂದ ಕೆಲಸ ಬೇಗ ಸಾಗುವುದು ಎಂಬ ಅರ್ಥಕ್ಕೆ ಪದ ಮೆಲ್ಲನೆ ಜಾರಿತು. ಹಳೆಯ ಅರ್ಥ ಗಾದೆಯಲ್ಲಿ ಮಾತ್ರ ಗಟ್ಟಿಯಾಗಿ ಉಳಿಯಿತು. ಹೀಗಾಗಿ ಗಾದೆಯ ತಾತ್ಪರ್ಯ ‘ಆತುರ ಹೆಚ್ಚಿದಷ್ಟೂ ಕೆಲಸ ಕೈಗೂಡುವುದು ಕಡಿಮೆ’ ಎಂದು. ತರಗತಿಯಲ್ಲಿ ‘ಆತುರಗಾರನಿಗೆ ಬುದ್ಧಿ ಮಟ್ಟ’ ಎಂಬ ನಮ್ಮ ಗಾದೆಯನ್ನು ಪಕ್ಕದಲ್ಲಿಟ್ಟರೆ ಸಾಕು. ಲಾರಿಗಳ ಹಿಂದೆ ಬರೆದಿರುವ ‘ಅವಸರವೇ ಅಪಘಾತಕ್ಕೆ ಕಾರಣ’ವನ್ನು ನಾನು ಇಲ್ಲಿ ಬಳಸುವುದಿಲ್ಲ. ಗಾದೆಯಲ್ಲಿರುವುದು ಪ್ರಾಣಭಯವಲ್ಲ, ಕೆಲಸ ಕೆಡುವ ಭಯ.

‘ಹೇಸ್ಟ್’ ಸುತ್ತಿ ಬಂದ ದಾರಿಯೂ ಕುತೂಹಲದ್ದು. 13ನೆಯ ಶತಮಾನದ ಆಸುಪಾಸಿನಲ್ಲಿ ಅದು ಫ್ರೆಂಚಿನಿಂದ ಇಂಗ್ಲಿಷಿಗೆ ಬಂತು. ಫ್ರೆಂಚರು ಅದನ್ನು ಪಡೆದದ್ದು ತಮ್ಮನ್ನು ಗೆದ್ದು ಆಳಿದ ಫ್ರಾಂಕ್ ಎಂಬ ಜರ್ಮನಿಕ್ ಜನರಿಂದ. ಆ ಮೂಲ ಪದಕ್ಕೆ ಬಲಾತ್ಕಾರ, ಹೊಡೆದಾಟ ಎಂಬ ಅರ್ಥವಿತ್ತು. ಇಂದಿನ ಫ್ರೆಂಚಿನಲ್ಲಿ ಸಕಾರ ಬಿದ್ದುಹೋಗಿ ‘ಆತ್’ ಎಂದಷ್ಟೇ ಕೇಳಿಸುತ್ತದೆ. ಬಿದ್ದ ಸಕಾರದ ಗುರುತಾಗಿ ಬರವಣಿಗೆಯಲ್ಲಿ ಸ್ವರದ ನೆತ್ತಿಯ ಮೇಲೆ ಒಂದು ಪುಟ್ಟ ಟೋಪಿ ಉಳಿದಿದೆ. ಹಿಂಸೆಯ ಆ ಹಳೆಯ ನೆರಳು ಇಂಗ್ಲಿಷಿನಲ್ಲಿ ಪೂರ್ತಿ ಹೋಗಿರಲಿಲ್ಲವೇನೋ. 16ನೆಯ ಶತಮಾನದಲ್ಲಿ ಇಂಗ್ಲೆಂಡಿನ ರಾಜಕಾರ್ಯದ ಪತ್ರಗಳನ್ನು ಕುದುರೆಯ ಮೇಲೆ ಒಯ್ಯುವ ಟಪಾಲಿನವನಿಗಾಗಿ ಹೊರಮೈಯಲ್ಲಿ ‘ಹೇಸ್ಟ್, ಪೋಸ್ಟ್, ಹೇಸ್ಟ್’ ಎಂದು ಬರೆಯುತ್ತಿದ್ದರು, ಅದರ ಕೆಳಗೆ ‘ನಿನ್ನ ಪ್ರಾಣಕ್ಕಾಗಿ’ ಎಂದೂ ಸೇರಿಸುತ್ತಿದ್ದರು. ಕೆಲವು ಪತ್ರಗಳ ಮೇಲೆ ಪುಟ್ಟದೊಂದು ನೇಣುಗಂಬವನ್ನೇ ಬರೆದಿರುವುದುಂಟು; ಓದಲು ಬಾರದ ಸವಾರನಿಗೂ ತಡಮಾಡಿದರೆ ಏನಾಗುತ್ತದೆ ಎಂದು ಅದು ತಿಳಿಸುತ್ತಿತ್ತು. ‘ಪೋಸ್ಟ್‌ಹೇಸ್ಟ್’ ಎಂಬ ಪದ ಇಂಗ್ಲಿಷಿಗೆ ಬಂದದ್ದು ಆ ಒಕ್ಕಣೆಯಿಂದ.

ಆದರೆ ನಿಮ್ಮ ಹುಡುಗನಿಗೆ ಹೇಳಲೇಬೇಕಾದ ಪದ ಇವು ಮೂರೂ ಅಲ್ಲ, ‘ಕ್ವಿಕ್’. ಅದಕ್ಕೆ ಮೊದಲಿದ್ದ ಅರ್ಥ ‘ಜೀವವಿರುವ’ ಎಂದು. ಕ್ರೈಸ್ತರ ಪ್ರಾರ್ಥನೆಯಲ್ಲಿ ಬರುವ ‘ಕ್ವಿಕ್ ಮತ್ತು ಡೆಡ್’ ಎಂದರೆ ಬದುಕಿರುವವರು ಮತ್ತು ಸತ್ತವರು. ಉಗುರಿನ ಬುಡದ, ತಾಗಿದರೆ ಪ್ರಾಣ ಹೋದಂತಾಗುವ ಎಳೆಯ ಭಾಗಕ್ಕೆ ಇಂಗ್ಲಿಷಿನಲ್ಲಿ ಇಂದಿಗೂ ‘ಕ್ವಿಕ್’ ಎಂದೇ ಹೆಸರು. ಬಸುರಿಗೆ ಮಗು ಹೊಟ್ಟೆಯಲ್ಲಿ ಮೊದಲ ಸಲ ಮಿಸುಕಿದ್ದು ಗೊತ್ತಾಗುವುದು ‘ಕ್ವಿಕನಿಂಗ್’. ಅಂಗೈಯಲ್ಲಿ ನಿಲ್ಲದೆ ಓಡಾಡುವ ಪಾದರಸ ‘ಕ್ವಿಕ್‌ಸಿಲ್ವರ್’, ಅಂದರೆ ಜೀವವಿರುವ ಬೆಳ್ಳಿ. ಈ ಪದವೂ ಲ್ಯಾಟಿನ್ನಿನ ‘ವಿವುಸ್’, ಗ್ರೀಕಿನ ‘ಬಿಯೊಸ್’, ಸಂಸ್ಕೃತದ ‘ಜೀವ’ ಎಂಬ ಪದಗಳೂ ಒಂದೇ ಮೂಲದಿಂದ ಕವಲೊಡೆದವು. ಸಂಸ್ಕೃತದಿಂದ ನಾವು ಪಡೆದು ಸ್ವಂತ ಮಾಡಿಕೊಂಡಿರುವ ‘ಜೀವ’ಕ್ಕೂ ಇಂಗ್ಲಿಷಿನ ‘ಕ್ವಿಕ್’ಗೂ ಕಿವಿಗೆ ಕೇಳುವ ಹೋಲಿಕೆ ಒಂದಿಷ್ಟೂ ಇಲ್ಲ, ಆದರೂ ಅವು ನೆಂಟರು. ‘ಹರಿ’ಗೂ ‘ಹರ್ರಿ’ಗೂ ಒಂದೇ ದನಿ, ನೆಂಟತನ ಮಾತ್ರ ಇಲ್ಲ.

ಉತ್ತರ 5 (ಸಂಸ್ಕೃತ ಪಾಠಶಾಲೆಯಲ್ಲಿ ಓದಿದವನು, ಶೃಂಗೇರಿ ಕಡೆ)

ಇಂಗ್ಲಿಷಿನ ಅರ್ಥಪಲ್ಲಟಗಳನ್ನು ಕಂಡು ಬೆರಗಾಗುವ ಮುನ್ನ, ಮೇಡಂ ಅವರು ಹಲಗೆಯ ಮೇಲೆ ಅರ್ಥವಾಗಿ ಬರೆದ ಎರಡು ಪದಗಳನ್ನೂ ನೋಡಬೇಕು ಎನಿಸಿತು.

‘ಆತುರ’ ಎಂದರೆ ಸಂಸ್ಕೃತದಲ್ಲಿ ರೋಗಿ, ಸಂಕಟದಲ್ಲಿರುವವನು. ಸ್ವಸ್ಥನ ಸ್ವಾಸ್ಥ್ಯವನ್ನು ಕಾಯುವುದು, ಆತುರನ ವಿಕಾರವನ್ನು ಶಮನಗೊಳಿಸುವುದು ಎಂದು ಚರಕಸಂಹಿತೆ ಆಯುರ್ವೇದದ ಪ್ರಯೋಜನವನ್ನು ಹೇಳುವಾಗ ಬಳಸಿರುವುದು ಈ ಪದವನ್ನೇ. ಮರಣಶಯ್ಯೆಯಲ್ಲಿರುವವರು ಸ್ವೀಕರಿಸುವ ಆತುರಸಂನ್ಯಾಸದ ಹೆಸರನ್ನು ಕೇಳಿ, ನಮ್ಮೂರಿನ ಹಿರಿಯರೊಬ್ಬರು “ಪಾಪ, ಇನ್ನೊಂದೆರಡು ವರ್ಷ ಕಾಯಬಹುದಿತ್ತು, ಯಾಕೆ ಆತುರಪಟ್ಟರೋ” ಎಂದು ಮರುಗಿದ್ದನ್ನು ನಾನೇ ಕೇಳಿದ್ದೇನೆ. ರೋಗಿಯ ತಳಮಳದಿಂದ ತಾಳ್ಮೆಗೇಡಿನ ತಳಮಳಕ್ಕೆ ಅರ್ಥ ಹರಡಿದ್ದು ಹೇಗೆಂದು ತಿಳಿಯಲು ‘ಕಾಮಾತುರಾಣಾಂ ನ ಭಯಂ ನ ಲಜ್ಜಾ’ ಎಂಬ ಪ್ರಸಿದ್ಧ ಮಾತನ್ನು ನೆನೆದರೆ ಸಾಕು; ಅಲ್ಲಿ ಆತುರ ಎಂಬುದು ಅರ್ಧ ಕಾಯಿಲೆ, ಅರ್ಧ ಅವಸರ.

‘ಅವಸರ’ಕ್ಕೆ ಸಂಸ್ಕೃತದಲ್ಲಿ ಸಂದರ್ಭ, ತಕ್ಕ ಸಮಯ ಎಂದು ಅರ್ಥ. ಹಿಂದಿಯಲ್ಲಿ ಅದು ಇಂದಿಗೂ ಅವಕಾಶ. ತೆಲುಗಿನಲ್ಲಿ ಅದು ಅಗತ್ಯ. ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಧಾವಂತ. ಒದಗಿದ ಅವಕಾಶ ಕೈತಪ್ಪೀತೆಂಬ ಅಂಜಿಕೆಯೇ ಅವಸರವಾಯಿತೆಂದು ನಾನು ಊಹಿಸುತ್ತೇನೆ. ಹಿಂದಿಯ ಜಾಹೀರಾತಿನಲ್ಲಿ ‘ಸ್ವರ್ಣಿಮ ಅವಸರ್’ ಎಂದು ಓದಿದಾಗಲೆಲ್ಲ, ಚಿನ್ನದಂಥ ಈ ಅವಸರ ಯಾರಿಗೆ ಎಂದು ಕನ್ನಡದ ಮನಸ್ಸು ಒಂದು ಕ್ಷಣ ತಡವರಿಸುತ್ತದೆ.

ಮೂರನೆಯದಾದ ‘ಬೇಗ’ದಲ್ಲಿ ಅಂಥ ವಿಶೇಷವಿಲ್ಲ, ಅದು ‘ವೇಗ’ದ ತದ್ಭವ.

ಉತ್ತರ 6 (ಕರಡು ತಿದ್ದುವವನು, ಬೆಂಗಳೂರು)

ಹಾಗೆ ನೋಡಿದರೆ ಅವಸರವನ್ನು ಹೇಳಲು ಇಂದು ಕನ್ನಡಿಗರು ದಿನವೂ ಬಳಸುವ ಇಂಗ್ಲಿಷ್ ಪದ ಹರ್ರಿಯೂ ಅಲ್ಲ, ಹೇಸ್ಟೂ ಅಲ್ಲ, ‘ಅರ್ಜೆಂಟು’. ಇಂಗ್ಲಿಷಿನಲ್ಲಿ ಅದು ಗುಣವಾಚಕ. ನಾವು ಅದಕ್ಕೆ ಉಕಾರ ಹಚ್ಚಿ ನಾಮಪದ ಮಾಡಿ, ‘ಯಾಕಿಷ್ಟು ಅರ್ಜೆಂಟು?’, ‘ಅರ್ಜೆಂಟು ಮಾಡಬೇಡ’, ‘ಅವನೊಬ್ಬ ಅರ್ಜೆಂಟಿನ ಗಿರಾಕಿ’ ಎಂದು ಸಂಸಾರವನ್ನೇ ಹೂಡಿಸಿದ್ದೇವೆ. ಬಸ್ಸು ನಿಲ್ಲಿಸಿ ಎಂದು ನಿರ್ವಾಹಕರಿಗೆ ಪಿಸುಮಾತಿನಲ್ಲಿ ಹೇಳುವಾಗಿನ ‘ಸ್ವಲ್ಪ ಅರ್ಜೆಂಟು’ ಎಂಬುದಕ್ಕೆ ಬೇರೆ ವಿವರಣೆ ಬೇಡ. ಲ್ಯಾಟಿನ್ನಿನಲ್ಲಿ ಅದರ ಮೂಲ ‘ಉರ್ಗೇರೆ’, ಅಂದರೆ ಒತ್ತುವುದು, ತಳ್ಳುವುದು. ‘ಕೆಲಸದ ಒತ್ತಡ’ ಎನ್ನುವಾಗ ಕನ್ನಡವೂ ಅದೇ ಚಿತ್ರವನ್ನು ಕಾಣುತ್ತದೆ.

ಈ ಪದದಲ್ಲಿಯೂ ಸಂದೇಶಪ್ರಿಯರಿಗೆ ಒಂದು ಬಲೆ ಇದೆ. ಅರ್ಜೆಂಟಿಗೂ ಅರ್ಜೆಂಟೀನಾ ದೇಶಕ್ಕೂ ನಂಟಿಲ್ಲ. ಆ ದೇಶದ ಹೆಸರು ಬಂದದ್ದು ಲ್ಯಾಟಿನ್ನಿನ ‘ಅರ್ಗೆಂಟುಮ್’, ಅಂದರೆ ಬೆಳ್ಳಿಯಿಂದ. ಆದರೆ ಆ ಬೆಳ್ಳಿಗೂ, ಬಿಳುಪು ಎಂಬ ಅರ್ಥವುಳ್ಳ ನಮ್ಮ ಪಾಂಡವರ ‘ಅರ್ಜುನ’ನ ಹೆಸರಿಗೂ, ‘ರಜತ’ಕ್ಕೂ ನಂಟಿರುವುದು ನಿಜ. ಇದನ್ನು ನಾನು ಸಂದೇಶವಾಗಿ ಕಳಿಸಿದರೆ ಯಾರೂ ನಂಬಲಿಕ್ಕಿಲ್ಲ.

ಪ್ರತಿಕ್ರಿಯೆ (ತಿಪಟೂರು ಕಡೆಯ ಶಿಕ್ಷಕಿ)

ಎಲ್ಲರಿಗೂ ಋಣಿಯಾಗಿದ್ದೇನೆ. ಇವತ್ತಿನ ತರಗತಿಯಲ್ಲಿ ಹಲಗೆಯನ್ನು ಎರಡು ಪಾಲು ಮಾಡಿ, ಎಡಕ್ಕೆ ಪಾಲ್, ಪುಲಿ, ಪೂ, ಪರಿ ಎಂದೂ ಬಲಕ್ಕೆ ಕಾನಿಸ್, ಕೆಂಟುಮ್, ಕೋರ್ನು ಎಂದೂ ಬರೆದೆ. ಎಡಗಡೆಯ ಪದಗಳ ಇಂದಿನ ರೂಪವನ್ನು ಮಕ್ಕಳಿಂದಲೇ ಹೇಳಿಸಿದಾಗ ಒಬ್ಬಳು ‘ಆಲು, ಉಲಿ, ಊವು’ ಎಂದಳು. ನಮ್ಮ ಕಡೆ ಹಕಾರವೂ ಉದುರಿಹೋಗುವುದನ್ನು ತಿದ್ದುವುದರಲ್ಲಿಯೇ ನನ್ನ ಅರ್ಧ ವರ್ಷ ಕಳೆಯುತ್ತದೆ. ಆದರೆ ಇವತ್ತು ತಿದ್ದಲಿಲ್ಲ. ಪಕಾರ ಹಕಾರವಾಗಿ, ಹಕಾರ ಬಯಲಾದ ಮೂರು ಹೆಜ್ಜೆಗಳನ್ನೂ ಅವಳಿಂದಲೇ ಬರೆಸಿದೆ. ಲಂಡನ್ನಿನ ಪೂರ್ವಭಾಗದ ಆಡುಮಾತಿನಲ್ಲಿಯೂ ಹಕಾರ ಬಿದ್ದು ಹರ್ರಿ ‘ಅರ್ರಿ’ಯಾಗುತ್ತದೆ ಎಂದಾಗ ಅವಳಿಗೆ ಆದ ಸಮಾಧಾನ ನೋಡುವಂತಿತ್ತು.

ಹಿಂದಿನ ಬೆಂಚಿನ ಹುಡುಗ ಒಪ್ಪಿದ, ಆದರೆ ಪೂರ್ತಿ ಬಿಟ್ಟುಕೊಡಲಿಲ್ಲ. ‘ಹಾಗಾದರೆ ಹರಿಕಾರ? ಹರಿಯುವವನು, ಓಡಿ ಸುದ್ದಿ ತರುವವನು, ಅದಾದರೂ ನಮ್ಮ ಹರಿಯಿಂದ ಬಂದಿರಬೇಕಲ್ಲ? ದೇವರ ಹೆಸರು ಹರಿ ಎಂಬುದೂ ಅದೇನಾ?’ ಎಂದು ಕೇಳಿದ. ನಾಳೆ ಹೇಳುತ್ತೇನೆ ಎಂದು ಗಂಟೆ ಹೊಡೆದದ್ದನ್ನೇ ನೆಪಮಾಡಿ ಹೊರಬಂದೆ.

ಉತ್ತರ 7 (ಹಳಗನ್ನಡದ ನಿವೃತ್ತ ಅಧ್ಯಾಪಕ, ಧಾರವಾಡ)

ಮೇಡಂ, ಆ ಹುಡುಗನ ಕೈಗೆ ಕಿಟ್ಟೆಲರ ನಿಘಂಟನ್ನು ಕೊಡಿ. 1894ರ ಪುಸ್ತಕವಾದರೂ ಇಂಥವರಿಗೆ ಅದಕ್ಕಿಂತ ಒಳ್ಳೆಯ ಆಟದ ಸಾಮಾನು ಇನ್ನೊಂದಿಲ್ಲ.

‘ಹರಿಕಾರ’ ಫಾರಸಿಯ ‘ಹರ್ಕಾರಾ’. ‘ಹರ್’ ಎಂದರೆ ಪ್ರತಿಯೊಂದು, ‘ಕಾರ್’ ಎಂದರೆ ಕೆಲಸ. ಎಲ್ಲ ಕೆಲಸಕ್ಕೂ ಒದಗುವ ಆಳು ಎಂಬುದು ಮೂಲ, ಅಲ್ಲಿಂದ ಓಲೆ ಒಯ್ಯುವ ದೂತ. ಮುಂದೆ ನಡೆದು ಸುದ್ದಿ ಮುಟ್ಟಿಸುವವನನ್ನು ಕನ್ನಡವು ಇತ್ತೀಚೆಗೆ ಮುಂದಾಳುವನ್ನಾಗಿ ಮಾಡಿ ‘ಕ್ರಾಂತಿಯ ಹರಿಕಾರ’ ಎನ್ನತೊಡಗಿತು. ಆ ‘ಹರ್’ನ ಹಕಾರ ಬಂದದ್ದು ಸಕಾರದಿಂದ: ಸಂಸ್ಕೃತದ ‘ಸರ್ವ’, ಪ್ರಾಚೀನ ಪರ್ಷಿಯನ್ನಿನಲ್ಲಿ ‘ಹರುವ’. ‘ಸಿಂಧು’ ಅವರ ಬಾಯಲ್ಲಿ ‘ಹಿಂದು’ ಆದದ್ದೂ, ‘ಸಪ್ತ’ಕ್ಕೆ ಎದುರಾಗಿ ಅವರಲ್ಲಿ ‘ಹಫ್ತಾ’ ಇರುವುದೂ ಇದೇ ನಿಯಮದಿಂದ. ವಿಷ್ಣುವಿನ ‘ಹರಿ’ ಮತ್ತೆ ಬೇರೆ. ಹೊಂಬಣ್ಣದ, ಕಂದುಹಳದಿಯ ಎಂಬ ಅರ್ಥದ ಸಂಸ್ಕೃತ ಪದ ಅದು. ಅದರ ಹಕಾರ ಇಳಿದು ಬಂದದ್ದು ಪುರಾತನ ಘಕಾರವೊಂದರಿಂದ. ಅದಕ್ಕೆ ಇಂಗ್ಲಿಷಿನಲ್ಲಿ ನೆಂಟರಿದ್ದಾರೆ: ‘ಯೆಲ್ಲೋ’ ಮತ್ತು ‘ಗೋಲ್ಡ್’.

ನೀರಿನ ಹರಿ ಪಕಾರದಿಂದ, ಹರಿಕಾರನ ಹರಿ ಸಕಾರದಿಂದ, ದೇವರ ಹರಿ ಘಕಾರದಿಂದ. ಹರ್ರಿಯು ಹ್ಯಾರಿಯ ಮಗನಾದರೆ ಕಕಾರದಿಂದ, ಹುರ್ರೆನ್ನಿನ ಮಗನಾದರೆ ಜೀರುಂಡೆಯ ರೆಕ್ಕೆಯಿಂದ. ಬಟ್ಟೆ ಹರಿಯುವುದು ಎನ್ನುವಾಗಿನ ‘ಹರಿ’ಯೊಂದು ಉಳಿಯಿತು, ಅದೂ ಹಿಂದೆ ‘ಪರಿ’ಯೇ, ಆದರೆ ಓಟದ ‘ಪರಿ’ಯಲ್ಲ, ಕತ್ತರಿಸುವ ‘ಪರಿ’. ಅದನ್ನು ಅವನು ಕೇಳುವವರೆಗೂ ನೀವಾಗಿ ಹೇಳಬೇಡಿ.